ದುಂಡು ಕಲೆಯ ಕೇಸು

ಬೆಣ್ಣೆ ಕಾಸುತ್ತಿದ್ದೆ. ನೊರೆ ಎದ್ದು ಇಳಿದು ತಳದಲ್ಲಿ ಗಸಿ ಕೆಂಪಾಗುವ ಹೊತ್ತು. ಆ ಹೊತ್ತಿನಲ್ಲಿ ಒಲೆ ಬಿಟ್ಟು ಕದಲಬಾರದು. ಆಗಲೇ ಹಜಾರದಲ್ಲಿ ಫೋನು ಹೊಡೆದುಕೊಂಡಿತು. ಹಗಲಲ್ಲಿ ಕೋರ್ಟಿನಿಂದ ಫೋನು ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ನಮ್ಮನೆಯವರು ಒಳ್ಳೆಯ ಸುದ್ದಿಯಾದರೆ ಮನೆಗೆ ಬಂದು ಕರಿಕೋಟು ಕಳಚಿಟ್ಟ ಮೇಲೆಯೇ ಹೇಳುವವರು. ಫೋನು ಮಾಡುವುದು ಕೆಟ್ಟದ್ದಕ್ಕೆ ಮಾತ್ರ.

"ನೀಲಾನ ಪಾಟೀಸವಾಲು ಮುಗೀತು. ಸರಿ ಆಗ್ಲಿಲ್ಲ," ಅಂದರು. "ಮೂರೂ ಮಂದಿನ ಮನಿಗೆ ಕಳಿಸ್ತಿದೀನಿ. ಊಟಕ್ಕೆ ಹಾಕು. ನಾನು ಬರೋತನಕ ಕೂಡ್ರಿಸ್ಕಂಡಿರು. ಏನೂ ಕೇಳಬ್ಯಾಡ."

"ಏನಾತ್ರೀ?"

"ಆಕಿ ಹೊಟ್ಟೆಗೆ ಗಂಡನೇ ಒದ್ದಾನೆ ಅಂತ ಅಂದ್ಬಿಟ್ರು, ತುಂಬಿದ ಕೋರ್ಟಿನಾಗ."

ಒಳಗೆ ಬಂದು ನೋಡಿದರೆ ತುಪ್ಪ ಸೀಯದೆ ನಿಂತಿತ್ತು, ಇನ್ನೊಂದು ಗಳಿಗೆ ಆಗಿದ್ದರೆ ಹೋಗುತ್ತಿತ್ತು. ಆ ದಿನ ನನಗೆ ಸಿಕ್ಕ ಮೊದಲ ಪುಣ್ಯ ಅದೇ ಎಂದು ಕೈಮುಗಿದು ಇಳಿಸಿದೆ.

ಇಷ್ಟು ಬರೆಯಲು ಕಾರಣ ನನ್ನ ತಂಗಿಯ ಮಗಳು ಸವಿತಾ. ಲಾ ಓದಿ, ಈಗ ದೇವರಾಜ ಅರಸು ಬಡಾವಣೆಯ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಆಫೀಸು ಹಾಕಿದ್ದಾಳೆ. "ದೊಡ್ಡವ್ವಾ, ಮನಿಯಾಗ ಆಫೀಸು ಇಟ್ಕಂಡ್ರೆ ಹೆಂಗಿರ್ತೈತೆ, ನಿಜ ಹೇಳು," ಎಂದು ಕೇಳಿದಳು. ನಾನು ಯಾವ ಕಚೇರಿಯ ಹಾಜರಿಯಲ್ಲೂ ಸಹಿ ಮಾಡಿದವಳಲ್ಲ. ಆದರೆ ನಮ್ಮನೆಯವರು ದಾವಣಗೆರೆಯಲ್ಲಿ ಅಪಘಾತ ಪರಿಹಾರದ ಕೇಸು ನಡೆಸಿದಷ್ಟು ಕಾಲವೂ ನಿಟ್ಟುವಳ್ಳಿಯ ನಮ್ಮ ಮನೆಯ ಪಡಸಾಲೆಯನ್ನು ನಡೆಸಿದವಳು ನಾನು. ಅವರು ಬೋರ್ಡು ಇಳಿಸಿದ ದಿನವೇ ನಾನೂ ರಿಟೈರಾದೆ. ನನಗೆ ಹಾರ ಹಾಕಲಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಮೇಲಧಿಕಾರಿ ನಮ್ಮ ಅತ್ತೆ. ಬಂದವರಿಗೆ ಮೊದಲು ನೀರು, ಬೆಲ್ಲ, ಆಮೇಲೆ ಮಾತು. ಅಳುವವರ ಎದುರು ನಿಲ್ಲಬಾರದು, ಪಕ್ಕಕ್ಕೆ ಕೂಡಬೇಕು. ಸತ್ತವರ ಮನೆಯವರಿಗೆ ಊಟ ಹಾಕುವಾಗ ಇನ್ನೊಂದು ಸಲ ಹಾಕಲೇ ಎಂದು ಕೇಳಬಾರದು, ಸುಮ್ಮನೆ ಹಾಕಬೇಕು. ಇದನ್ನೆಲ್ಲ ಕಲಿಸಿದವರು ಅವರು. ಮದುವೆಯಾದ ಹೊಸತರಲ್ಲಿ ಒಬ್ಬ ಹಿರಿಯರು ಪಡಸಾಲೆಯಲ್ಲಿ ತಲೆ ಬಗ್ಗಿಸಿ ಕೂತಿದ್ದರು. ಪಾಪ, ಮಗನನ್ನು ಕಳೆದುಕೊಂಡವರಿರಬೇಕೆಂದು ಉಪ್ಪಿಟ್ಟು ಕೊಟ್ಟು, "ಚಿಂತಿ ಮಾಡಬ್ಯಾಡ್ರಿ, ಆ ಲಾರಿಯೋನಿಗೆ ನಮ್ಮನೆಯವ್ರು ಸರಿಯಾಗಿ ಬುದ್ಧಿ ಕಲಿಸ್ತಾರೆ," ಎಂದು ಸಮಾಧಾನ ಹೇಳಿದೆ. ಅವರೇ ಲಾರಿಯ ಮಾಲೀಕರು, ರಾಜಿ ಮಾತಾಡಲು ಬಂದಿದ್ದರು. ಉಪ್ಪಿಟ್ಟು ಪೂರ್ತಿ ತಿಂದು, "ನಿಮ್ಮ ಕೈರುಚಿ ಐತಲ್ಲ ತಾಯಿ, ಅದ್ಕಾದ್ರೂ ರಾಜಿ ಆಗ್ತೀನಿ," ಎಂದು ಹೋದರು. ಅತ್ತೆ ಒಂದು ವಾರ ನನ್ನನ್ನು "ಸಣ್ಣ ಜಡ್ಜಮ್ಮ" ಎಂದೇ ಕರೆದರು.

ಆಗೆಲ್ಲ ಪೆಟ್ಟು ಅಂದರೆ ರಕ್ತ, ಇಲ್ಲವೇ ಮುರಿದ ಮೂಳೆ. ಸೈಕಲ್ಲು, ಎತ್ತಿನಗಾಡಿ, ಬಸ್ಸಿನ ಫುಟ್‌ಬೋರ್ಡು, ಇವೇ ಕೇಸುಗಳು. ದಾವಣಗೆರೆ ಬೇರೆ ಜಿಲ್ಲೆಯಾದ ಆಸುಪಾಸಿನಲ್ಲಿ ರಸ್ತೆಗೆ ಸಣ್ಣ ಕಾರುಗಳು ಹೆಚ್ಚಾದವು. ಕಾರಿನ ಜೊತೆ ಬೆಲ್ಟು ಬಂತು. ಬೆಲ್ಟಿನ ಜೊತೆ ನಾವು ಕಾಣದಿದ್ದ ಹೊಸ ಪೆಟ್ಟುಗಳು ಬಂದವು. ಬಹಳ ಮಂದಿ ಅದನ್ನು ಸೀಟಿನ ಕವರಿನೊಳಗೆ ತುರುಕಿಬಿಡುತ್ತಿದ್ದರು. ಹಾಕಿಕೊಂಡ ಕೆಲವರು ಬದುಕಿ ಬಂದರು, ಆದರೆ ಮೈಮೇಲೆ ಅದರ ಗುರುತು ಹೊತ್ತು.

ಮೊದಲು ಬಂದವರು ಒಬ್ಬ ಅಡಿಕೆ ವ್ಯಾಪಾರಿ. ಎಡ ಹೆಗಲಿಗೆ ಹೊಸ ಕಾರಿನ ಬೆಲ್ಟು ಬಿಗಿಯಾಗಿ ಭುಜದ ಮುಂದಿನ ಮೂಳೆ ಮುರಿದಿತ್ತು. ಅಂಗಿ ಬಿಚ್ಚಿದರೆ ಹೆಗಲಿಂದ ಸೊಂಟದವರೆಗೆ ನೀಲಿ ಪಟ್ಟಿ. ಅವರ ಜೊತೆ ಬಂದ ಭಾವಮೈದುನ ಸುಮ್ಮನಿರದೆ, "ನೋಡ್ರಿ ಅಕ್ಕಾರ, ಕೊರಳಾಗ ಲಿಂಗ ಇದ್ದ ಮನುಷ್ಯನಿಗೆ ಕಾರು ಜನಿವಾರ ಹಾಕಿ ಕಳಿಸೈತೆ," ಅಂದ. ನಗಲು ಹೋಗಿ ಅವರು ನೋವಿಗೆ ಕಿರುಚಿದರು. ಎದುರಿಗೆ ಬಂದು ಗುದ್ದಿದ ವ್ಯಾನಿನ ವಿಮಾ ಕಂಪನಿಯ ವಕೀಲರು, ವ್ಯಾನು ಈ ಮನುಷ್ಯನ ಮೈ ಮುಟ್ಟಿಯೇ ಇಲ್ಲ, ಮೂಳೆ ಮುರಿದದ್ದು ಅವರದೇ ಬೆಲ್ಟು ಎಂದು ವಾದ ಮಾಡಿದರು. ನಮ್ಮನೆಯವರು, ಗುದ್ದಿಲ್ಲದಿದ್ದರೆ ಬೆಲ್ಟು ತಾನಾಗಿ ಯಾರ ಮೂಳೆಯನ್ನೂ ಮುರಿಯುವುದಿಲ್ಲ, ಕಟ್ಟಿಕೊಂಡದ್ದಕ್ಕೆ ಶಿಕ್ಷೆ ಕೊಟ್ಟರೆ ನಾಳೆ ಯಾರು ಕಟ್ಟುತ್ತಾರೆ ಎಂದರು. ಆ ಕೇಸು ಗೆದ್ದೆವು. ಬೆಲ್ಟಿನ ಪೆಟ್ಟೂ ಅಪಘಾತದ್ದೇ ಪೆಟ್ಟು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಮನದಟ್ಟಾಯಿತು. ಅದೇ ಧೈರ್ಯದಲ್ಲಿ ನೀಲಾಳ ಕೇಸು ಹಿಡಿದದ್ದು. ಅದು ಇಷ್ಟು ಸಲೀಸಾಗಿರಲಿಲ್ಲ.

ನೀಲಾ ಕುಕ್ಕುವಾಡದ ಹುಡುಗಿ. ಹರಿಹರದ ಕೊಟ್ರೇಶನಿಗೆ ಕೊಟ್ಟಿದ್ದರು. ಅವನು ಅಲ್ಲೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತಿನ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ತಾಯಿ ಗೌರಮ್ಮ ಒಬ್ಬರೇ. ಮದುವೆಯಾದ ವರ್ಷ ತವರಿಗೆ ಹೋಗಿದ್ದ ಹೆಂಡತಿಯನ್ನು ಕರೆತರಲು ಕೊಟ್ರೇಶ ಗೆಳೆಯನ ಕಾರು ತಂದಿದ್ದ. ದಾವಣಗೆರೆ ದಾಟಿ ಹರಿಹರ ಹತ್ತಿರವಾಗುವಾಗ, ಪೆಟ್ರೋಲ್ ಬಂಕಿನಿಂದ ಒಂದು ಲಾರಿ ಸಿಗ್ನಲ್ಲೂ ಇಲ್ಲದೆ ಸರಕ್ಕನೆ ಹೈವೇಗೆ ಹೊರಳಿತು. ಬ್ರೇಕು ಒತ್ತಿದರೂ ಕಾರು ಹೋಗಿ ಅದರ ಹಿಂದಿನ ಮೂಲೆಗೆ ಬಡಿಯಿತು. ಕೊಟ್ರೇಶನ ಕಡೆಯ ಬೆಲ್ಟಿನ ಕೊಂಡಿ ಧೂಳು ಹಿಡಿದು ಕೂರುತ್ತಿರಲಿಲ್ಲ, ಅವನು ಕಟ್ಟಿರಲಿಲ್ಲ. ಅವನ ಹುಬ್ಬು ಒಡೆಯಿತು, ಅಷ್ಟೇ. ನೀಲಾ ಕಟ್ಟಿದ್ದಳು. ಮುಂದಿನ ಗಾಜು ಪುಡಿಯಾದರೂ ಅವಳಿಗೆ ಒಂದು ಗೀರೂ ಇಲ್ಲ. ಹರಿಹರದ ಡಾಕ್ಟರು ಅವನ ಹುಬ್ಬಿಗೆ ಹೊಲಿಗೆ ಹಾಕಿ, "ನಿಂಗೇನಮ್ಮಾ?" ಎಂದು ಕೇಳಿದರಂತೆ. "ಏನಿಲ್ಲ ಸಾ," ಅಂದಳಂತೆ. ಹಾಗೇ ಬರೆದುಕೊಂಡರು.

ಮಾರನೆಯ ದಿನ ಹೊಟ್ಟೆನೋವು. ಪಿತ್ತ ಎಂದು ಜೀರಿಗೆ ಕಷಾಯ ಕೊಟ್ಟರು. ಆಮೇಲೆ ವಾಂತಿ, ಜ್ವರ, ಹೊಟ್ಟೆ ಹಲಗೆಯಂತೆ ಬಿಗಿಯಿತು. ದಾವಣಗೆರೆಗೆ ತಂದು ಹೊಟ್ಟೆ ತೆರೆದಾಗ ಕರುಳು ಒಂದು ಕಡೆ ಹರಿದು ಒಳಗೆಲ್ಲ ನಂಜಾಗಿತ್ತು. ಆಪರೇಷನ್ ಮಾಡಿದ ಸರ್ಜನ್ನರು, ಬೆಲ್ಟು ಇಲ್ಲದಿದ್ದರೆ ಈಕೆ ಗಾಜಿನಿಂದಾಚೆ ಬೀಳುತ್ತಿದ್ದಳು, ಇದ್ದದ್ದಕ್ಕೆ ಬದುಕಿದಳು ಎಂದರಂತೆ. ಆದರೆ ಕೇಸ್‌ಶೀಟಿನಲ್ಲಿ ಅವರು ಕಂಡದ್ದನ್ನು ಕಂಡ ಹಾಗೆ ಬರೆದಿದ್ದರು: ಕಿಬ್ಬೊಟ್ಟೆಯ ಮೇಲೆ ಅಡ್ಡಕ್ಕೆ ಒಂದು ಪಟ್ಟಿ ಗುರುತು, ಅದರ ನಡುವೆ ಒಂದು ದುಂಡನೆಯ ಕಂದು ಕಲೆ.

ಆ ದುಂಡು ಕಲೆಯೇ ನಮಗೆ ಕಾಟವಾದದ್ದು. ಬೆಲ್ಟು ಪಟ್ಟಿಯಂತೆ ಒತ್ತುತ್ತದೆ, ದುಂಡಗೆ ಹೇಗೆ ಒತ್ತೀತು? ನಮ್ಮನೆಯವರು ನೀಲಾಳನ್ನು ಕೇಳಿದರು. "ಗೊತ್ತಿಲ್ರೀ," ಅಂದಳು. ಕೊಟ್ರೇಶನನ್ನು ಕೇಳಿದರು. "ನಂಗೇನ್ರೀ ಗೊತ್ತು, ನಾನು ರಸ್ತೆ ನೋಡ್ತಿದ್ದೆ," ಅಂದ. ಡ್ಯಾಷ್‌ಬೋರ್ಡಿನ ಗುಬಟು ಇರಬಹುದೇನೋ ಎಂದು ಇವರು ಗುಜರಿ ಅಂಗಡಿಗೆ ಹೋಗಿ ಅಂಥದೇ ಕಾರಿನಲ್ಲಿ ಕೂತು ನೋಡಿ ಬಂದರು. ಏನೂ ಹೊಂದಲಿಲ್ಲ. ಉತ್ತರವಿಲ್ಲದೆಯೇ ಅವಳನ್ನು ಕಟಕಟೆಗೆ ಹತ್ತಿಸಬೇಕಾಯಿತು. ಆ ವಾರವೆಲ್ಲ ನಾನು ಪೂಜೆಗೆ ಕೂತರೂ ಅಂಗೈಯ ಲಿಂಗದ ಮೇಲೆ ಕಣ್ಣು ನಿಲ್ಲಲಿಲ್ಲ. ಆ ಕಲೆಯೇ ಕಾಣುತ್ತಿತ್ತು.

ವಿಮಾ ಕಂಪನಿಯ ವಕೀಲರು ಕೇಳಿದ್ದು ಇಷ್ಟು ಎಂದು ಆಮೇಲೆ ತಿಳಿಯಿತು. "ಆ್ಯಕ್ಸಿಡೆಂಟಾದ ದಿನ ಡಾಕ್ಟರ ಮುಂದೆ ಏನೂ ಆಗಿಲ್ಲ ಅಂದ್ಯಲ್ಲಮ್ಮ? ಬೆಲ್ಟು ದುಂಡಗಿರ್ತದೇನು? ಕಾಲಿನ ಹಿಮ್ಮಡಿ ದುಂಡಗಿರ್ತದೆ, ಹೌದೋ ಅಲ್ಲೋ? ಆವತ್ತು ಮನೆಗೆ ಹೋದ ಮೇಲೆ, ಗೆಳೆಯನ ಕಾರು ಹಾಳಾದ ಸಿಟ್ಟಿಗೆ ಗಂಡ ಒದ್ದ, ಹೌದೋ ಅಲ್ಲೋ?" ನೀಲಾ "ಅಲ್ಲ" ಅಂದಳು. ಅಂದದ್ದು ಎಷ್ಟು ಸಣ್ಣ ದನಿಯಲ್ಲೆಂದರೆ ಟೈಪಿಸ್ಟು ಎರಡು ಸಲ ಕೇಳಬೇಕಾಯಿತಂತೆ.

ಪರಿಹಾರ ಹೋದರೆ ಹೋಗಲಿ. ಹೆಂಡತಿಯ ಕರುಳು ಹರಿಯುವಂತೆ ಒದ್ದವನು ಎಂಬ ಮಾತು ಆ ಹುಡುಗನ ಹೆಸರಿಗೆ ಅಂಟಿಕೊಂಡರೆ? ನಾಳೆ ಪೊಲೀಸಿನವರು ಬೇರೆ ಕೇಸು ಹಾಕಿದರೆ? ನನ್ನ ಕಳವಳ ಅದು.

ಮೂವರೂ ಆಟೋದಲ್ಲಿ ಬಂದಿಳಿದರು. ಗೌರಮ್ಮ ಮುಂದೆ, ನೆಟ್ಟಗೆ, ಹಣೆ ತುಂಬ ವಿಭೂತಿ. ಅವರ ಹಿಂದೆ ನೀಲಾ. ಕೊಟ್ರೇಶ ಒಳಗೆ ಬರಲೇ ಇಲ್ಲ, ಹೊರಗಿನ ಕಟ್ಟೆಯ ಮೇಲೆ ಚಪ್ಪಲಿ ಸಮೇತ ಕೂತ.

"ಒಳಗ ಬಾರಪ್ಪಾ, ಕೈಕಾಲು ತೊಳ್ಕಾ," ಅಂದೆ.

"ಬ್ಯಾಡ್ರಿ ಅಕ್ಕಾ. ಒದ್ದೋನಿಗೆ ಯಾಕ ಊಟ," ಅಂದ.

ಮಜ್ಜಿಗೆ ತಂದಿಟ್ಟೆ. ಅದನ್ನು ಕುಡಿದ. ಅಷ್ಟಾದರೂ ಹೊಟ್ಟೆಗೆ ಹೋಯಿತಲ್ಲ ಎಂದುಕೊಂಡೆ. ತಾಯಿ ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಇದ್ದದ್ದು ನನ್ನ ಗಮನಕ್ಕೆ ಬಂತು. ಅವಮಾನಕ್ಕೆ ಹಾಗಿರಬೇಕೆಂದು ತಿಳಿದೆ.

ಊಟಕ್ಕೆ ಕೂತಾಗ ಗೌರಮ್ಮ ತಲೆ ಬಗ್ಗಿಸಿ ಉಂಡರು. ಕೊನೆಗೆ, "ನಿಮ್ಮ ತುಪ್ಪ ಚೊಲೋ ಐತ್ರಿ," ಅಂದು ಎದ್ದು ಪಡಸಾಲೆಗೆ ಹೋಗಿ ಗೋಡೆಗೊರಗಿ ಕೂತರು. ನೀಲಾ ನಾನು ಬೇಡವೆಂದರೂ ತಟ್ಟೆ ತೊಳೆದಳು. ಬಗ್ಗಿದಾಗೆಲ್ಲ ಒಂದು ಕೈ ಹೊಟ್ಟೆಯ ಮೇಲೆ.

ಮನೆಗೆ ಬಂದ ಮುತ್ತೈದೆಯನ್ನು ಬರಿ ಮಡಿಲಲ್ಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ನಮ್ಮನೆಯವರು ಬಂದ ಮೇಲೆ ಗಡಿಬಿಡಿಯಾಗುತ್ತದೆಂದು ನಾನು ಆಗಲೇ ಅಡುಗೆಮನೆಯಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಇಟ್ಟು, ಸೆರಗು ಒಡ್ಡು ಎಂದೆ. ಕುಪ್ಪಸದ ಬಟ್ಟೆ, ಎಲೆ ಅಡಿಕೆ, ಅಕ್ಕಿ ಹಾಕಿದೆ. ಆಮೇಲೆ ತೆಂಗಿನಕಾಯಿ ಇಟ್ಟೆ. ಕಾಯಿಯ ಭಾರ ಮಡಿಲಿಗೆ ಬಿದ್ದದ್ದೇ ತಡ, ಕೆಂಡ ಇಟ್ಟಂತೆ ಹುಡುಗಿ ಹಿಂದಕ್ಕೆ ಜಿಗಿದಳು. ಕಾಯಿ ಧಡ್ಡನೆ ಬಿದ್ದು ಉರುಳಿಕೊಂಡು ಒರಳಿನ ಬುಡಕ್ಕೆ ಹೋಯಿತು.

"ಕಾಯಿ ಬ್ಯಾಡ್ರಿ ಅಕ್ಕಾ. ಕಾಯಿ ಒಂದು ಬ್ಯಾಡ," ಎಂದು ಅಳಲು ಶುರುಮಾಡಿದಳು.

ನಾನು ಏನೂ ಕೇಳಲಿಲ್ಲ, ನಮ್ಮನೆಯವರ ಆಣತಿಯೇ ಇತ್ತಲ್ಲ. ನಮ್ಮತ್ತೆ ಕಲಿಸಿದಂತೆ ಪಕ್ಕಕ್ಕೆ ಕೂತೆ. ಅವಳು ತಾನಾಗಿ, "ಯಾರಿಗೂ ಹೇಳಲ್ಲ ಅಂತ ಲಿಂಗ ಮುಟ್ರಿ," ಅಂದಳು. ಅಳುವ ಹುಡುಗಿಯ ಎದುರು ಹಿಂದೆಮುಂದೆ ನೋಡದೆ ಮುಟ್ಟಿಬಿಟ್ಟೆ.

ಕುಕ್ಕುವಾಡದಲ್ಲಿ ಹೊರಡುವಾಗ ಅವಳ ತಾಯಿ ಉಡಿ ತುಂಬಿದ್ದರು. ಐದು ಮುಷ್ಟಿ ಅಕ್ಕಿ, ಬೆಲ್ಲ, ಒಂದು ದಪ್ಪ ಕಾಯಿ. ಗಂಡನ ಮನೆಯ ದೇವರ ಮುಂದೆ ಬಿಚ್ಚುವವರೆಗೆ ಉಡಿಯನ್ನು ಎಲ್ಲೂ ಇಳಿಸಬಾರದು ಎಂದು ಹೇಳಿ ಕಳಿಸಿದ್ದರು. ಕಾರಿನಲ್ಲಿ ಕೂತ ಮೇಲೆ ಕೊಟ್ರೇಶ ಬೆಲ್ಟು ಹಾಕಿಕೋ ಅಂದ. ಅವಳು ಕಾಯಿ ಸಮೇತ ಕಟ್ಟಿದ ಉಡಿಯ ಮೇಲೆಯೇ ಬೆಲ್ಟು ಎಳೆದು ಸಿಕ್ಕಿಸಿದಳು. ಲಾರಿಗೆ ಬಡಿದಾಗ ಬೆಲ್ಟು ಬಿಗಿಯಿತು. ಕಾಯಿ ಒಡೆಯಲಿಲ್ಲ. ಉಡಿಯ ಗಂಟು ಬಿಚ್ಚಿ ಅರ್ಧ ಅಕ್ಕಿ ಕಾರಿನೊಳಗೆ ಚೆಲ್ಲಿತು.

"ಉಡಿಯಕ್ಕಿ ದಾರ್ಯಾಗ ಚೆಲ್ಲಿದ್ರೆ ಮನಿಗೆ ಆಗಲ್ಲಂತ್ರೀ. ನಮ್ಮತ್ತೆ ಏನಂತಾರೋ ಅಂತ ಜೀವ ಹೋತು. ಡಾಕ್ಟ್ರ ಹತ್ರ ಇವ್ರಿಗೆ ಹೊಲಿಗೆ ಹಾಕೋವಾಗ ನಾನು ಎದುರಿಗಿನ ಅಂಗಡಿಗೆ ಹೋಗಿ ಅಕ್ಕಿ ತಗಂಡು ಉಡಿ ಮತ್ತೆ ತುಂಬ್ಕಂಡೆ. ಹೊಟ್ಟೆ ಆಗ್ಲೇ ನೋಯ್ತಿತ್ತು. ಅದೇ ಕಾಯಿ ಇಟ್ಕಂಡೇ ಮನಿಗೆ ಹೋದೆ. ಇವ್ರಿಗೂ ನಿಮ್ಮವ್ವನ ಮುಂದೆ ಹೇಳ್ಬ್ಯಾಡ್ರಿ ಅಂದಿದ್ದೆ."

"ಕೋರ್ಟಿನಾಗ ಅದನ್ನ ಹೇಳ್ಬೇಕಿಲ್ಲೇನೇ ತಾಯಿ?"

"ಅತ್ತೆ ಅಲ್ಲೇ ಕೂತಿದ್ರಲ್ರೀ. ಹರಿದಿದ್ದು ಕರುಳು. ಮುಂದೆ ಮಕ್ಕಳಾಗ್ಲಿಲ್ಲ ಅಂದ್ರೆ, ಉಡಿ ಚೆಲ್ಕಂಡು ಬಂದೋಳು ಅಂತ ಅಂದೇ ಅಂತಾರೆ. ಮಂದಿ ಅನ್ನೋದು ಬಿಡ್ರಿ, ಅವ್ರು ಅಂದ್ರೆ ನಾನು ಎಲ್ಲಿಗೆ ಹೋಗ್ಲಿ?"

ಕೇಸಿಗೆ ಬೇಕಾದ ಮಾತು ನನ್ನ ಅಡುಗೆಮನೆಯಲ್ಲಿತ್ತು, ನಾನು ಆಣೆ ಮಾಡಿ ಬಾಯಿ ಮುಚ್ಚಿಕೊಂಡಿದ್ದೆ. ನಮ್ಮನೆಯವರು ಬಂದು ನನ್ನ ಮುಖ ನೋಡಿದರೆ ಗೊತ್ತಾಗಿಬಿಡುತ್ತದೆ. ಹೇಳಿದರೆ ಲಿಂಗ ಮುಟ್ಟಿದ್ದು ಸುಳ್ಳಾಗುತ್ತದೆ, ಹೇಳದಿದ್ದರೆ ಹೊರಗೆ ಕಟ್ಟೆಯ ಮೇಲೆ ಕೂತ ಹುಡುಗನ ಗತಿ? ಶಿವನೇ, ದಾರಿ ತೋರಿಸು ಎಂದು ನಿಂತಲ್ಲೇ ನಿಂತೆ. ದಾರಿ ಏನೂ ಕಾಣಲಿಲ್ಲ. ಹೆಂಗಸಿನ ಅಳು ನಿಲ್ಲದಿದ್ದರೆ ಮನೆಯ ಹಿರಿಯಳನ್ನು ಕರೆಯಬೇಕು, ಅದೊಂದೇ ನನಗೆ ಗೊತ್ತಿದ್ದದ್ದು. ಪಡಸಾಲೆಗೆ ಹೋಗಿ, "ಗೌರಮ್ಮಾರೇ, ಸೊಸೆ ಅಳ್ತಾಳೆ, ಒಳಗ ಬರ್ರಿ," ಅಂದೆ. ಅಷ್ಟೇ ಹೇಳಿದ್ದು.

ಅವರು ಬಂದು ಬಾಗಿಲಲ್ಲಿ ನಿಂತರು. ನೆಲದ ಮೇಲೆ ಅಕ್ಕಿ ಚೆಲ್ಲಿತ್ತು. ಒರಳಿನ ಬುಡದಲ್ಲಿ ಕಾಯಿ. ಸೊಸೆ ಎರಡೂ ಕೈ ಹೊಟ್ಟೆಗೆ ಒತ್ತಿಕೊಂಡಿದ್ದಳು. ಆ ಹೆಂಗಸು ಕಾಯಿಯನ್ನೂ ನೋಡಿದರು, ಸೊಸೆಯ ಕೈಯನ್ನೂ ನೋಡಿದರು.

"ಕಾಯಿ ಮಡ್ಲಾಗೇ ಇತ್ತೇನೇ?" ಅಂದರು. "ಬೆಲ್ಟಿನ ಕೆಳಗ?"

ನೀಲಾ ತಲೆಯಾಡಿಸಿದಳು.

"ಅಯ್ಯೋ ನಮ್ಮವ್ವ," ಎಂದು ಗೌರಮ್ಮ ಹೊಸ್ತಿಲ ಮೇಲೆಯೇ ಕೂತುಬಿಟ್ಟರು. "ಅಕ್ಕಿ ಚೆಲ್ಲಿದ್ದು ನಂಗೆ ಗೊತ್ತಿತ್ತು ಕಣೇ."

ನೀಲಾ ಅಳು ನಿಲ್ಲಿಸಿದಳು.

"ಉಡಿಯಕ್ಕಿ ಆರಿಸಿದೋಳು ನಾನು. ಅದ್ರಾಗ ಕಲ್ಲುಸಕ್ಕರಿ ಹಂಗೆ ಕಾರಿನ ಗಾಜಿನ ಹರಳು ಸಿಕ್ಕವು. ಅಕ್ಕಿನೂ ಎರಡು ತರ ಇತ್ತು. ನಿಮ್ಮವ್ವನ ಮನಿ ಅಕ್ಕಿ ನಂಗೆ ಗೊತ್ತಾಗಲ್ವೇನು? ಚೆಲ್ಕಂಡಾಳೆ, ಬೈತೀನಿ ಅಂತ ಅಂಜಿ ತುಂಬ್ಕಂಡಾಳೆ, ಪಾಪ, ಇರ್ಲಿ ಬಿಡು ಅಂತ ಸುಮ್ನಾದೆ. ಗಾಜು ಆರಿಸಿ ಹೊರಗ ಚೆಲ್ಲಿ, ಹುಗ್ಗಿ ಮಾಡಿ ನಿಂಗೇ ಉಣ್ಣಾಕ ಇಟ್ಟೆ. ನಿಂಗೆ ವಾಂತಿ ಶುರುವಾಗಿತ್ತು, ನೀನು ಉಣ್ಣಲಿಲ್ಲ."

ಅವರ ದನಿ ಆಮೇಲೆ ಇಳಿಯಿತು. ಹೊರಗೆ ಕೂತವನಿಗೆ ಕೇಳಬಾರದೆಂದು ಇಳಿಸಿದ್ದು.

"ಆದ್ರೆ ಆ ದುಂಡು ಕಲೆ ನಾನೂ ಕಂಡಿದ್ದೆ, ಅಕ್ಕಾರ. ಮೈ ಒರೆಸೋವಾಗ ಕಂಡಿದ್ದೆ. ಇವ್ನು ಆವತ್ತು ಗೆಳೆಯನ ಕಾರು ಹೋತಲ್ಲ ಅಂತ ಗೋಡಿಗೆ ಕೈ ಗುದ್ಕಂಡಿದ್ದ. ಬಾಗ್ಲು ಹಾಕ್ಕಂಡಿದ್ರು. ನನ್ನ ಮನಸಿನಾಗ ಒಂದು ಸಲ ಬಂದಿತ್ತು. ಆ ವಕೀಲ್ರು ಇವತ್ತು ಕೇಳಿದ್ದನ್ನ ನಾನು ಆವತ್ತೇ ನನ್ನ ಮನಸಿನಾಗ ಕೇಳಿದ್ದೆ. ಹೆತ್ತೋಳು ನಾನು. ಆವತ್ತಿಂದ ಅವ್ನ ಮುಖ ನೋಡಿ ಊಟಕ್ಕೆ ಹಾಕಿಲ್ಲ."

ತಾಯಿ ಮಗ ಮುಖ ನೋಡದಿದ್ದದ್ದು ಯಾಕೆಂದು ಆಗ ತಿಳಿಯಿತು. ನಾನು ನೆಲದ ಮೇಲಿನ ಅಕ್ಕಿ ಬಳಿಯುತ್ತಿದ್ದೆ. ಬಳಿದಲ್ಲೇ ಬಳಿಯುತ್ತಿದ್ದೆ.

ನಮ್ಮನೆಯವರು ಸಂಜೆಗೆ ಬಂದಾಗ ನೀಲಾ ತಾನೇ ಎಲ್ಲ ಹೇಳಿದಳು. ಗೌರಮ್ಮ ಪಕ್ಕದಲ್ಲಿ ಕೂತು ಹೂಂಗುಟ್ಟಿದರು. ಕೊಟ್ರೇಶನೂ ಒಳಗೆ ಬಂದು ಬಾಗಿಲ ಪಕ್ಕ ನಿಂತಿದ್ದ. ನನ್ನ ಆಣೆ ಮುರಿಯಲಿಲ್ಲ, ಅದೂ ಒಂದು ಕೃಪೆ. ಇವರು ಖುಷಿಪಡುತ್ತಾರೆಂದು ನಾನು ಕಾದರೆ, ಕನ್ನಡಕ ತೆಗೆದು ಒರೆಸುತ್ತ ಕೂತರು.

"ಒಂದು ಬಾಗ್ಲು ಮುಚ್ಚಿದ್ರೆ ಇನ್ನೊಂದು ತೆಗೀತು," ಅಂದರು. "ಈಗ ಅವ್ರು ಹೇಳೋದು, ಬೆಲ್ಟಿನ ಕೆಳಗೆ ಕಾಯಿ ಇಟ್ಕಂಡಿದ್ದು ಆಕೀದೇ ತಪ್ಪು, ಅದಕ್ಕೆ ಲಾರಿಯೋನು ಯಾಕ ಹೊಣೆ ಅಂತ. ಮೊದ್ಲೇ ಹೇಳಿದ್ರೆ ಬೇರೆ ಮಾತು. ಈಗ ಕಟ್ಟುಕತೆ ಅಂತಾನೂ ಅಂತಾರೆ."

"ಹಂಗಾದ್ರೆ ಹೇಳೋದು ಬ್ಯಾಡೇನ್ರೀ?" ಎಂದು ಗೌರಮ್ಮ ಕೇಳಿದರು.

"ಹೇಳ್ಬೇಕು. ನಿಜ ಇರೋದು ಅದೊಂದೇ. ಅದ್ರಿಂದ ಏನಾಗ್ತೈತೆ ಅಂತ ಮಾತ್ರ ನಾನು ಮಾತು ಕೊಡಲ್ಲ."

ಅರ್ಜಿ ಹಾಕಿ ಅವಳನ್ನು ಮತ್ತೆ ಕಟಕಟೆಗೆ ಕರೆಸಿದ ದಿನ ನಾನೂ ಹೋದೆ. ಅಷ್ಟು ವರ್ಷಗಳಲ್ಲಿ ನಾನು ಕೋರ್ಟಿನ ಒಳಗೆ ಕಾಲಿಟ್ಟದ್ದು ಅದೊಂದೇ ಸಲ. ಕೊನೆಯ ಬೆಂಚಿನಲ್ಲಿ ಗೌರಮ್ಮನ ಪಕ್ಕ ಕೂತಿದ್ದೆ. ಮೊದಲು ಸರ್ಜನ್ನರು ಬಂದು, ಗಟ್ಟಿ ದುಂಡು ವಸ್ತುವೊಂದು ಬೆಲ್ಟಿನಡಿ ಸಿಕ್ಕಿ ಒತ್ತಿದರೆ ಇಂಥ ಗುರುತೂ ಇಂಥ ಗಾಯವೂ ಆಗಬಹುದು, ಇಂಥ ಗಾಯದ ನೋವು ಮೊದಲ ದಿನ ಕಾಣದೆ ನಿಧಾನಕ್ಕೆ ಏರುವುದುಂಟು ಎಂದರು. ಒದೆತದಿಂದಲೂ ಆಗಬಹುದೇ ಎಂದು ಎದುರಿನ ವಕೀಲರು ಕೇಳಿದಾಗ, "ದುಂಡು ಕಲೆ ಆಗಬಹುದು. ಅಡ್ಡಪಟ್ಟಿ ಆಗೋದಿಲ್ಲ," ಎಂದರು.

ಆಮೇಲೆ ನೀಲಾ. ಎದುರಿನ ವಕೀಲರು ಅಂದು ಸಿಟ್ಟಿನಲ್ಲಿರಲಿಲ್ಲ, ನಗುತ್ತಲೇ ಕೇಳಿದರು.

"ಹೊಟ್ಟೆ ಮೇಲೆ ತೆಂಗಿನಕಾಯಿ ಇಟ್ಟು ಬೆಲ್ಟು ಕಟ್ಕೋ ಅಂತ ನಿಂಗೆ ಯಾರಮ್ಮ ಹೇಳಿದ್ದು?"

ನೀಲಾ ಜಡ್ಜರ ಕಡೆ ತಿರುಗಿದಳು. "ಬೆಲ್ಟು ಕಟ್ಕಾ ಅಂತ ನಮ್ಮನೆಯವ್ರು ಹೇಳಿದ್ರು ಸಾ. ಉಡಿ ಇಳಿಸಬ್ಯಾಡ ಅಂತ ನಮ್ಮವ್ವ ಹೇಳಿದ್ಲು. ನಾನು ಇಬ್ರ ಮಾತೂ ಕೇಳಿದೆ."

ಯಾರೂ ನಗಲಿಲ್ಲ. ಜಡ್ಜರು ಬರೆದುಕೊಂಡರು.

ಗೌರಮ್ಮನೂ ಸಾಕ್ಷಿ ನುಡಿದರು. ಗಾಜಿನ ಹರಳು, ಎರಡು ತರದ ಅಕ್ಕಿ, ಎಲ್ಲ ಹೇಳಿದರು. "ಸೊಸೆ ಪರ ಸುಳ್ಳು ಹೇಳ್ತಿದ್ದೀರಿ," ಎಂದು ಎದುರಿನ ವಕೀಲರು ಅಂದದ್ದಕ್ಕೆ, "ಸೊಸೆ ಪರ ಸುಳ್ಳು ಹೇಳೋ ಅತ್ತೀನ ನೀವು ಎಲ್ಲಿ ಕಂಡೀರಪ್ಪಾ?" ಎಂದರು. ಆಗ ಮಾತ್ರ ಜಡ್ಜರೂ ತಲೆ ಬಗ್ಗಿಸಿ ನಕ್ಕಂತೆ ಕಂಡಿತು. ಮಗನ ಮೇಲೆ ತಾನು ಪಟ್ಟ ಅನುಮಾನದ ಮಾತನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ತೀರ್ಪಿಗೆ ಕಾಯುವ ದಿನಗಳು ಬಲು ಉದ್ದ. ಸವಿತಾ, ನಿನ್ನ ಆಫೀಸಿಗೆ ಬರುವವರೂ ಹೀಗೆಯೇ ಕಾಯುತ್ತಾರೆ. ಅವರು ದಿನಕ್ಕೆ ಎರಡು ಸಲ ಫೋನು ಮಾಡಿದರೆ ಬೇಸರ ಮಾಡಬೇಡ. ಇನ್ನೊಂದು ಮಾತು. ಕಾರಿನ ಕೇಸು ಬಂದರೆ, ಬೆಲ್ಟು ಹಾಕಿದ್ದಿರಾ ಎಂದು ಕೇಳಿ ನಿಲ್ಲಿಸಬೇಡ. ಎಲ್ಲಿಗೆ ಹಾಕಿದ್ದಿರಿ, ಮಡಿಲಲ್ಲಿ ಏನಿತ್ತು, ಕೂಸಿತ್ತೋ, ಟಿಫಿನ್ ಡಬ್ಬಿಯೋ, ಉಡಿಯೋ ಎಂದು ಕೇಳು. ಹೆಂಗಸರಾದರೆ ಅತ್ತೆ, ಗಂಡ ಯಾರೂ ಇಲ್ಲದ ಕಡೆ ಕೇಳು. ಈ ಕೇಸು ಆದ ಮೇಲೆ ನಮ್ಮನೆಯವರೂ ಹಾಗೆ ಕೇಳುವ ರೂಢಿ ಮಾಡಿಕೊಂಡರು. ಕೇಳುವ ಕೆಲಸ ನನಗೇ ಬಿತ್ತು. ನನ್ನ ನೌಕರಿಯಲ್ಲಿ ಸಿಕ್ಕ ಬಡ್ತಿ ಅಂದರೆ ಅದೇ.

ತೀರ್ಪು ಬಂದ ಮಧ್ಯಾಹ್ನ ಆ ಸುದ್ದಿಯನ್ನು ನಮ್ಮನೆಯವರಿಗಿಂತ ಮೊದಲು ನನಗೆ ಹೇಳಿದವನು ಕೊಟ್ರೇಶ. ಹರಿಹರದ ಎಸ್‌ಟಿಡಿ ಬೂತಿನಿಂದ ಮಾಡಿದ್ದ. ಹಿಂದೆ ಬಸ್ಸುಗಳ ಹಾರನ್ನು.

"ಏನಾತಪ್ಪಾ?"

"ನಾನು ಒದ್ದಿಲ್ಲ ಅಂತ ಬರ್ದಾರಂತೆ ಅಕ್ಕಾ. ಕೋರ್ಟಿಗೆ ಹೋಗಿದ್ದ ಗೆಳೆಯ ಬಂದು ಹೇಳ್ದ. ಆ ಗಾಯ ಆ್ಯಕ್ಸಿಡೆಂಟಿಂದೇ ಅಂತ. ಉಡಿ ಇಟ್ಕಂಡು ಬರೋದು ಈ ಸೀಮಿ ರೂಢಿ, ಆಕೀದು ತಪ್ಪಲ್ಲ ಅಂತ. ನಾನು ಜೋರಾಗಿ ಹೋಗ್ತಿದ್ದೆ ಅಂತ ಪರಿಹಾರದಾಗ ನನ್ನ ತಪ್ಪಿನ ಪಾಲು ಒಂದಿಷ್ಟು ಕಡಿದಾರಂತೆ. ಕಡೀಲಿ ಬಿಡ್ರಿ."

"ಶಿವ ದೊಡ್ಡೋನು," ಅಂದೆ.

"ಇನ್ನೊಂದು, ಅಕ್ಕಾ. ಸುದ್ದಿ ಕೇಳಿದ ಮ್ಯಾಲೆ ಅವ್ವ ಬಾಯಿಬಿಟ್ಲು. ಆಕಿಗೂ ನನ್ನ ಮ್ಯಾಲೆ ಅನುಮಾನ ಇತ್ತಂತೆ. ವಕೀಲ್ರು ಅಂದಿದ್ದು ತಡ್ಕಂಡೆ. ಇದು ತಡ್ಕಳ್ಳಾಕ ಆಗ್ಲಿಲ್ಲ. ಎದ್ದು ಬಂದ್ಬಿಟ್ಟೆ. ಅದ್ಕೇ ಬೂತಿಗೆ ಬಂದಿದ್ದು."

ಗೌರಮ್ಮ ಹೇಳದೆಯೂ ಇರಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರಲ್ಲ ಆ ಹೆಂಗಸು.

"ಉಂಡೇನಪ್ಪಾ?" ಎಂದು ಕೇಳಿದೆ.

"ಇಲ್ರಿ. ತಟ್ಟೆ ಮುಂದಿನಿಂದ ಎದ್ದು ಬಂದೀನಿ."

"ಯಾರು ಬಡಿಸಿದ್ರು?"

ಒಂದು ಬಸ್ಸು ಹಾರನ್ನು ಹೊಡೆಯುತ್ತ ಹೋಯಿತು.

"ಅವ್ವ," ಅಂದ. "ಎದುರಿಗೆ ಕೂತು ಬಡಿಸಿದ್ಲು."

"ಹಂಗಾದ್ರ ಹೋಗಿ ಉಣ್ಣಪ್ಪಾ. ಆರಿ ಹೋಗ್ತೈತೆ."

"ಹೂಂ ಅಕ್ಕಾ, ಹೋಗ್ತೀನಿ," ಎಂದು ಫೋನಿಟ್ಟ.

ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಹಿತ್ತಲಿಗೆ ಹೋದೆ. ಬಿಸಿಲಿಗೆ ಹರವಿದ ಬ್ಯಾಡಗಿ ಮೆಣಸಿನಕಾಯಿ ಗರಿಗರಿಯಾಗಿತ್ತು. ಮೊರ ಎಳೆದುಕೊಂಡು ತೊಟ್ಟು ಮುರಿಯುತ್ತ ಕೂತೆ.